ಮೇಲ್ಮನವಿ ಬಾಕಿ ಇರುವಾಗ ಡಿಕ್ರಿ ಅಮಲ್ಜಾರಿಗೆ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಕೋರ್ಟುಗಳಲ್ಲಿ ಸಿವಿಲ್ ದಾವೆ ಸೋತವರು ಮೊದಲು ಕೇಳುವುದು, "ಅಪೀಲು ಹಾಕಿದೆವಲ್ಲ, ಇನ್ನು ಬೇಲಿಫ್ ಬರುವುದಿಲ್ಲವಲ್ಲ?" ಎಂದು. ಗೆದ್ದವರ ಪ್ರಶ್ನೆ, "ಡಿಕ್ರಿ ಕೈಯಲ್ಲಿದೆ, ಇನ್ನೂ ಎಷ್ಟು ವರ್ಷ ಕಾಯಬೇಕು?" ಇಬ್ಬರಿಗೂ ಇಲ್ಲಿ ಉತ್ತರವಿದೆ. ಡಿಕ್ರಿ ಎಂದರೆ ದಾವೆಯ ಹಕ್ಕುಗಳನ್ನು ತೀರ್ಮಾನಿಸಿ ಕೋರ್ಟು ಮಾಡುವ ಆದೇಶ, ಅಮಲ್ಜಾರಿ ಎಂದರೆ ಅದನ್ನು ಜಾರಿಗೆ ತರಿಸುವುದು, ಬೇಲಿಫ್ ಎಂದರೆ ಜಾರಿಗೆ ಬರುವ ಕೋರ್ಟಿನ ನೌಕರ. ಅಮಲ್ಜಾರಿ ಅರ್ಜಿಗೆ ನಮ್ಮ ಜಿಲ್ಲೆಯ ಹಿರಿಯರು ಇಂದಿಗೂ ದರ್ಖಾಸ್ತು ಎನ್ನುತ್ತಾರೆ. ಕೋರ್ಟಿನ ಕಡತದಲ್ಲಿ ಅದು ಇ.ಪಿ. (ಎಕ್ಸಿಕ್ಯೂಷನ್ ಪಿಟಿಷನ್). ಎರಡೂ ಒಂದೇ.

ಅಪೀಲು ದಾಖಲಾದರೆ ಡಿಕ್ರಿ ತಾನಾಗಿಯೇ ನಿಲ್ಲುತ್ತದೆಯೆ?

ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 41, ನಿಯಮ 5 ಇದನ್ನು ನೇರವಾಗಿ ಹೇಳುತ್ತದೆ. ಅಪೀಲು ಸಲ್ಲಿಸಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ, ಮೇಲಿನ ಕೋರ್ಟು ಪ್ರತ್ಯೇಕವಾಗಿ ತಡೆ ಆದೇಶ ಮಾಡಬೇಕು. ಅಪೀಲಿಗೆ ನಂಬರು ಬಿದ್ದಿದೆ, ಎದುರಿನವರಿಗೆ ನೋಟೀಸು ಹೋಗಿದೆ, ಕೆಳಗಿನ ಕೋರ್ಟಿನ ಕಡತ ತರಿಸಿದ್ದಾರೆ ಎಂಬ ಕಾರಣಗಳಿಂದಲೂ ನಿಲ್ಲುವುದಿಲ್ಲ. ಜನ ಮನೆ, ತೋಟ ಕಳೆದುಕೊಳ್ಳುವುದು ಬಹಳ ಸಲ ಈ ಒಂದು ತಪ್ಪು ತಿಳಿವಳಿಕೆಯಿಂದಲೇ.

ಯಾವ ಕೋರ್ಟಿಗೆ, ಎಷ್ಟು ದಿನದೊಳಗೆ?

ಸಿವಿಲ್ ಜಡ್ಜ್ ಕೋರ್ಟಿನ ಡಿಕ್ರಿಯ ಮೇಲೆ ಅಪೀಲು ಹಿರಿಯ ಸಿವಿಲ್ ಜಡ್ಜ್ ಕೋರ್ಟಿಗೆ ಹೋಗುತ್ತದೆ. ಹಿರಿಯ ಸಿವಿಲ್ ಜಡ್ಜ್ ಮಾಡಿದ ಡಿಕ್ರಿಯಾದರೆ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಎಂಬುದನ್ನು ಈಗಿನ ಕಾನೂನು ನೋಡಿ ವಕೀಲರು ನಿರ್ಧರಿಸಬೇಕು. ಜಿಲ್ಲಾ ನ್ಯಾಯಾಲಯ ಕಾರವಾರದಲ್ಲಿದೆ, ಹೆಚ್ಚುವರಿ ಜಿಲ್ಲಾ ನ್ಯಾಯಾಲಯ ಶಿರಸಿಯಲ್ಲೂ ಕೂರುತ್ತದೆ. ಹೈಕೋರ್ಟ್ ಎಂದರೆ ನಮಗೆ ಧಾರವಾಡ ಪೀಠ. ಅಲ್ಲಿಯ ಪ್ರಕರಣಗಳ ಸಂಖ್ಯೆ 100ರಿಂದ ಶುರುವಾಗುವ ಆರಂಕಿಯದು, ಆರ್.ಎಫ್.ಎ. (ಹೈಕೋರ್ಟಿನ ಮೊದಲ ಅಪೀಲು) 100 ಎಂದು ಆರಂಭವಾಗುವ ನಂಬರು ಕಂಡರೆ ಅದು ಧಾರವಾಡದ್ದೆಂದು ತಿಳಿಯಬಹುದು.

ಅವಧಿ: ಹೈಕೋರ್ಟಿಗೆ 90 ದಿನ, ಉಳಿದ ಕೋರ್ಟಿಗೆ 30 ದಿನ. ದೃಢೀಕೃತ ನಕಲಿಗೆ ಅರ್ಜಿ ಕೊಟ್ಟ ದಿನದಿಂದ ನಕಲು ಸಿದ್ಧವಾಗುವವರೆಗಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಕೊಡುವ ಮೊದಲು ನೀವು ಸುಮ್ಮನೆ ಕಳೆದ ದಿನಗಳು ಮಾತ್ರ ನಿಮ್ಮ ಖಾತೆಗೇ ಜಮಾ. ಆದ್ದರಿಂದ ತೀರ್ಪು ಬಂದ ದಿನ ಅಥವಾ ಮರುದಿನವೇ ನಕಲು ವಿಭಾಗಕ್ಕೆ ಅರ್ಜಿ ಹಾಕಿ. ಡಿಕ್ರಿ ತಯಾರಾಗಿಲ್ಲ ಎಂದು ಕಾಯುತ್ತ ಕೂರಬೇಡಿ. ತೀರ್ಪಿನ ನಕಲಿನ ಮೇಲೆಯೇ ಅಪೀಲು ಸಲ್ಲಿಸಲು ಅವಕಾಶವಿದೆ.

ನಕಲು ಸಿಗುವಷ್ಟರಲ್ಲಿ ಎದುರಿನವರು ದರ್ಖಾಸ್ತು ಹಾಕಿದರೆ?

ತೀರ್ಪು ಕೊಟ್ಟ ಕೋರ್ಟಿಗೇ ಹೋಗಿ. ಅಪೀಲಿನ ಅವಧಿ ಮುಗಿಯುವ ಮೊದಲು ಅರ್ಜಿ ಕೊಟ್ಟರೆ, ಡಿಕ್ರಿ ಮಾಡಿದ ಕೋರ್ಟೇ ತಾತ್ಕಾಲಿಕವಾಗಿ ಅಮಲ್ಜಾರಿ ತಡೆಯಬಹುದು. ನಿಯಮ 5ರ ಉಪನಿಯಮ 2 ಇರುವುದು ಇದಕ್ಕಾಗಿಯೇ. ಮೂವತ್ತೋ ಅರುವತ್ತೋ ದಿನದ ಉಸಿರು ಸಿಗುತ್ತದೆ, ಅಷ್ಟರಲ್ಲಿ ಮೇಲಿನ ಕೋರ್ಟಿಗೆ ಹೋಗಬೇಕು. ನಿಮ್ಮ ಪರ ವಕೀಲರು ಇದನ್ನು ಕೇಳಲು ಮರೆತಿದ್ದರೆ ನೀವೇ ನೆನಪಿಸಿ.

ತಡೆ ಅರ್ಜಿಯ ಜತೆ ಏನೇನು ಕೊಡಬೇಕು?

ಅಪೀಲು ಮೆಮೊ, ತೀರ್ಪಿನ ನಕಲು, ವಕಾಲತ್ತು, ನ್ಯಾಯಾಲಯ ಶುಲ್ಕ; ಇವುಗಳೊಂದಿಗೆ ನಿಯಮ 5ರ ಅಡಿಯ ಮಧ್ಯಂತರ ಅರ್ಜಿ, ಅದಕ್ಕೆ ಅಪೀಲುದಾರರ ಅಫಿಡವಿಟ್. ದರ್ಖಾಸ್ತು ಈಗಾಗಲೇ ದಾಖಲಾಗಿದ್ದರೆ ಅದರ ನಂಬರು, ಮುಂದಿನ ದಿನಾಂಕ, ವಾರಂಟ್ ಹೊರಟಿದ್ದರೆ ಅದರ ಪ್ರತಿ ಅಥವಾ ಆದೇಶ ಹಾಳೆಯ ನಕಲು. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಾಣುವ ಪ್ರಕರಣದ ಸ್ಥಿತಿಯ ಮುದ್ರಿತ ಪ್ರತಿಯನ್ನೂ ಜತೆಗಿಡಿ. ತುರ್ತು ಇದೆ ಎಂದು ಬಾಯಲ್ಲಿ ಹೇಳುವುದಕ್ಕೂ "ಈ ತಿಂಗಳ 18ಕ್ಕೆ ಕಬ್ಜೆ ವಾರಂಟ್ ವರದಿಗೆ ಇಟ್ಟಿದೆ" ಎಂಬ ಹಾಳೆ ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಚೇರಿ ಆಕ್ಷೇಪಣೆಗಳನ್ನು ಅದೇ ದಿನ ಸರಿಪಡಿಸಿಕೊಡಿ. ಶುಲ್ಕದ ಕೊರತೆ, ಪುಟಸಂಖ್ಯೆ, ಪಕ್ಷಕಾರರ ವಿಳಾಸ, ಅರ್ಥವಾಗದ ಕೈಬರಹದ ದಾಖಲೆಗೆ ಟೈಪ್ ಪ್ರತಿ ಇಲ್ಲದಿರುವುದು: ಇಂಥ ಸಣ್ಣ ವಿಷಯಗಳಲ್ಲೇ ವಾರಗಳು ಹೋಗುತ್ತವೆ, ಅರ್ಜಿ ನ್ಯಾಯಾಧೀಶರ ಮೇಜಿಗೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ ಕುಸಿದು ರಸ್ತೆ ಬಂದಾಗುವುದುಂಟು. ಧಾರವಾಡಕ್ಕೆ ಕಾಗದ ಒಯ್ಯುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಇ-ಫೈಲಿಂಗ್ ಬಳಸಿ.

ತಡೆ ಕೊಡುವಾಗ ಕೋರ್ಟು ಏನನ್ನು ನೋಡುತ್ತದೆ?

ಮೂರು ವಿಷಯ, ಮೂರೂ ಬೇಕು. ತಡೆ ಸಿಗದಿದ್ದರೆ ಗಣನೀಯ ನಷ್ಟವಾಗುತ್ತದೆಯೆ, ಅರ್ಜಿದಾರ ವಿನಾಕಾರಣ ತಡಮಾಡದೆ ಬಂದಿದ್ದಾನೆಯೆ, ಕೊನೆಗೆ ಸೋತರೆ ಡಿಕ್ರಿ ಪಾಲಿಸುತ್ತೇನೆ ಎಂಬುದಕ್ಕೆ ಜಾಮೀನು ಕೊಟ್ಟಿದ್ದಾನೆಯೆ. ಅಪೀಲಿನಲ್ಲಿ ವಾದಿಸುವಂಥ ಅಂಶ ಇದೆಯೇ ಎಂಬುದನ್ನೂ ಸಹಜವಾಗಿ ಗಮನಿಸುತ್ತಾರೆ.

ಹೆಚ್ಚಿನ ಅರ್ಜಿಗಳು ಬೀಳುವುದು ಮೊದಲನೆಯದರಲ್ಲಿ. "ತಡೆ ನೀಡದಿದ್ದರೆ ನನಗೆ ತುಂಬಲಾರದ ನಷ್ಟವಾಗುತ್ತದೆ" ಎಂದು ಎಲ್ಲರೂ ಬರೆಯುತ್ತಾರೆ, ಅದರಿಂದ ನ್ಯಾಯಾಧೀಶರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದರೆ ತಿಳಿಯುತ್ತದೆ: "ದಾವಾ ಆಸ್ತಿ 1 ಎಕರೆ 10 ಗುಂಟೆ ಅಡಿಕೆ ತೋಟ. ಫಲ ಬಿಡುವ ಮರಗಳಿವೆ, ನಡುವೆ ಕಾಳುಮೆಣಸಿನ ಬಳ್ಳಿಗಳಿವೆ. ನನ್ನ ಕುಟುಂಬಕ್ಕೆ ಬೇರೆ ಆದಾಯವಿಲ್ಲ. ಎದುರುದಾರರು ಕಬ್ಜೆ ಪಡೆದು ಮರ ತೆಗೆದರೆ ಅಪೀಲು ಗೆದ್ದರೂ ನನಗೆ ಸಿಗುವುದು ಬೋಳು ನೆಲ. ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು." ಪಹಣಿ, ಫೋಟೊ, ಸಹಕಾರಿ ಸಂಘದಲ್ಲಿ ರಾಶಿಯೋ ಚಾಲಿಯೋ ಅಡಿಕೆ ವಿಕ್ರಿಯಾದ ಚೀಟಿಗಳನ್ನು ಜತೆಗಿಟ್ಟರೆ ಆ ಮಾತಿಗೆ ಬಲ ಬರುತ್ತದೆ. ಅಫಿಡವಿಟ್‌ನಲ್ಲಿ ಉತ್ಪ್ರೇಕ್ಷೆ ಮಾಡಬೇಡಿ. ಬೇರೆ ಮನೆ ಇದ್ದೂ ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ತಡೆ ಅಲ್ಲಿಗೇ ಹೋಗುತ್ತದೆ.

ಹಣದ ಡಿಕ್ರಿ. ಪೂರ್ತಿ ಹಣ ಕಟ್ಟಲೇಬೇಕೆ?

ಆದೇಶ 41, ನಿಯಮ 1(3) ಪ್ರಕಾರ ಹಣದ ಡಿಕ್ರಿಯ ಮೇಲೆ ಅಪೀಲು ಮಾಡುವವರು, ಕೋರ್ಟು ಅನುಮತಿಸಿದ ಅವಧಿಯಲ್ಲಿ ವಿವಾದಿತ ಮೊತ್ತವನ್ನು ಠೇವಣಿ ಮಾಡಬೇಕು ಅಥವಾ ಅದಕ್ಕೆ ಜಾಮೀನು ಕೊಡಬೇಕು. ಕಟ್ಟದಿದ್ದರೆ ಅಪೀಲು ಅದೇ ಕಾರಣಕ್ಕೆ ವಜಾ ಆಗುವುದಿಲ್ಲ, ಆದರೆ ತಡೆ ಸಿಗುವುದು ಕಷ್ಟ. ಹಣದ ವಿಷಯದಲ್ಲಿ ಕೋರ್ಟುಗಳು ಬಿಗಿಯಾಗಿರುವುದಕ್ಕೆ ಕಾರಣ ಸರಳ: ಕೊಟ್ಟ ಹಣ ಅಪೀಲು ಗೆದ್ದ ಮೇಲೆ ವಾಪಸು ಬರಬಹುದು, ಕಡಿದ ಮರ ಬರುವುದಿಲ್ಲ. ಅರ್ಧ ಮೊತ್ತ ಠೇವಣಿ, ಉಳಿದದ್ದಕ್ಕೆ ಜಾಮೀನು ಎಂಬಂಥ ಷರತ್ತು ಸಾಮಾನ್ಯ. ಇಷ್ಟೇ ಎಂಬ ನಿಗದಿ ಇಲ್ಲ, ಅದು ಕೋರ್ಟಿನ ವಿವೇಚನೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಲಿ. ತಡೆಗಾಗಿ ಇಟ್ಟ ಠೇವಣಿ ಡಿಕ್ರಿಯ ಪಾವತಿ ಎನಿಸುವುದಿಲ್ಲ; 1968ರಲ್ಲೇ ಸುಪ್ರೀಂ ಕೋರ್ಟ್ ರಾಮನಾಥನ್ ಚೆಟ್ಟಿಯಾರ್ ಪ್ರಕರಣದಲ್ಲಿ ಹೀಗೆ ಹೇಳಿದೆ. ಆ ಹಣವನ್ನು ಡಿಕ್ರಿದಾರರು ಪಡೆಯಲು ಅವಕಾಶವಾಗುವವರೆಗೆ ನಿಮ್ಮ ಮೇಲೆ ಬಡ್ಡಿ ಓಡುತ್ತಲೇ ಇರಬಹುದು. 4,00,000 ರೂಪಾಯಿ ಅಸಲಿಗೆ ಶೇ. 6ರಂತೆ ವರ್ಷಕ್ಕೆ 24,000; ಅಪೀಲು 3 ವರ್ಷ ಎಳೆದರೆ 72,000. ಆದ್ದರಿಂದ ಠೇವಣಿಯನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡುವಂತೆ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಕೇಳದಿದ್ದರೆ ಹಣ ಬಡ್ಡಿಯಿಲ್ಲದೆ ಕೋರ್ಟಿನ ಖಾತೆಯಲ್ಲಿ ಬಿದ್ದಿರುತ್ತದೆ, ನಷ್ಟ ಇಬ್ಬರಿಗೂ. ಡಿಕ್ರಿಯಲ್ಲಿ ನೀವು ಒಪ್ಪುವ ಭಾಗವೊಂದಿದ್ದರೆ ಅಷ್ಟನ್ನು ತೀರಿಸಿಬಿಡುವುದು ಜಾಣತನ.

ಕಟ್ಟಲು ಕೊಟ್ಟ ಗಡುವು ಮುಗಿಯುವ ಮೊದಲೇ, ಸಾಧ್ಯವಾಗದಿದ್ದರೆ, ವಿಸ್ತರಣೆಗೆ ಅರ್ಜಿ ಹಾಕಿ. ಗಡುವು ಮೀರಿದರೆ ಬಹಳ ಆದೇಶಗಳಲ್ಲಿ ತಡೆ ತಾನಾಗಿ ಬಿದ್ದುಹೋಗುವಂತೆ ಬರೆದಿರುತ್ತದೆ.

ಜಾಮೀನಿಗೆ ಯಾವ ಆಸ್ತಿ ನಡೆಯುತ್ತದೆ?

ಬ್ಯಾಂಕ್ ಗ್ಯಾರಂಟಿ, ನಿಶ್ಚಿತ ಠೇವಣಿ ರಸೀದಿ, ಸ್ಥಿರಾಸ್ತಿ ಇರುವ ಜಾಮೀನುದಾರ, ಇವು ರೂಢಿ. ಬಾಂಡಿನ ನಮೂನೆ ಸಂಹಿತೆಯ ಅನುಬಂಧ ಜಿ ಯಲ್ಲಿದೆ. ಜಾಮೀನುದಾರ ಬಂದು ನಿಂತರೆ ಸಾಲದು, ಆತನ ಹೆಸರಿನ ಚಾಲ್ತಿ ಪಹಣಿ, ಮೌಲ್ಯದ ದಾಖಲೆ, ಬೋಜಾ ಇಲ್ಲವೆಂಬುದಕ್ಕೆ ಋಣಭಾರ ಪ್ರಮಾಣಪತ್ರ, ಅಫಿಡವಿಟ್, ಗುರುತಿನ ಚೀಟಿ ಬೇಕು. ಸೊಸೈಟಿಯ ಬೆಳೆಸಾಲ ಪಹಣಿಯ 11ನೇ ಕಾಲಂನಲ್ಲಿ ನಮೂದಾಗಿದ್ದರೆ ಎದುರಿನ ವಕೀಲರು ಮೊದಲು ಬೆರಳಿಡುವುದು ಅಲ್ಲಿಗೆ.

ಘಟ್ಟದ ಮೇಲಿನವರು ಎಡವುವ ಜಾಗ ಇನ್ನೊಂದಿದೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ತಲೆಮಾರುಗಳಿಂದ ನಿಮ್ಮ ಉಪಯೋಗದಲ್ಲಿ ಇರಬಹುದು, ಆದರೆ ನೆಲ ಸರ್ಕಾರದ್ದು, ನಿಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವಂಥ ಸವಲತ್ತು. ಅದನ್ನು ಜಾಮೀನಿನ ಆಸ್ತಿಯಾಗಿ ತೋರಿಸಲಾಗದು. ಅತಿಕ್ರಮಣದ ಜಮೀನು, ಮಂಜೂರಾತಿ ಬಾಕಿ ಇರುವ ಜಮೀನು, ವಾಟಣಿ (ಪಾಲು) ಆಗದ ಒಟ್ಟು ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲು: ಇವಕ್ಕೂ ಆಕ್ಷೇಪಣೆ ಖಂಡಿತ ಬರುತ್ತದೆ. ಜಾಮೀನು ನಿಲ್ಲುವ ಅಣ್ಣತಮ್ಮಂದಿರಿಗೆ, ಭಾವಂದಿರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ: ಅಪೀಲು ಸೋತರೆ ಕಲಂ 145ರ ಪ್ರಕಾರ ಬೇರೆ ದಾವೆ ಇಲ್ಲದೆಯೇ ಅವರ ಮೇಲೆ ಅಮಲ್ಜಾರಿ ನಡೆಯಬಹುದು.

ಮನೆ, ಅಂಗಡಿ, ತೋಟ ಬಿಟ್ಟುಕೊಡಬೇಕೆಂಬ ಡಿಕ್ರಿಗೆ ತಡೆ ಸಿಕ್ಕರೆ ಏನಾದರೂ ಕೊಡಬೇಕೆ?

ಸಾಮಾನ್ಯವಾಗಿ ಕೊಡಬೇಕು. ಬಾಡಿಗೆದಾರರನ್ನು ತೆರವು ಮಾಡುವ ಡಿಕ್ರಿಗೆ ತಡೆ ಕೊಡುವಾಗ, ಹಳೆಯ ಬಾಡಿಗೆ ಬಿಟ್ಟು ಈಗಿನ ಮಾರುಕಟ್ಟೆಯ ದರಕ್ಕೆ ಹತ್ತಿರವಾದ ಮೊತ್ತವನ್ನು ತಿಂಗಳು ತಿಂಗಳು ಕಟ್ಟುವಂತೆ ಕೋರ್ಟು ಷರತ್ತು ಹಾಕಬಹುದು. ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕಾರವಾರದ ಪೇಟೆಯಲ್ಲಿ ತಂದೆಯ ಕಾಲದ ಬಾಡಿಗೆಗೆ ಅಂಗಡಿ ಇಟ್ಟುಕೊಂಡವರು ಈ ಲೆಕ್ಕ ಹಾಕಿಯೇ ಅಪೀಲಿಗೆ ಇಳಿಯಲಿ. ಮಾಲೀಕರಾದರೆ ಅಕ್ಕಪಕ್ಕದ ಅಂಗಡಿಗಳ ಬಾಡಿಗೆ ಕರಾರು ತಂದು ತೋರಿಸಿ, ಬರೇ ಮಾತಿನ ಅಂದಾಜಿಗೆ ಬೆಲೆ ಇಲ್ಲ.

ತೋಟವಾದರೆ ಫಸಲಿನ ಲೆಕ್ಕ ಇಡುವಂತೆ, ಇಂತಿಷ್ಟು ಠೇವಣಿ ಮಾಡುವಂತೆ ಆದೇಶವಾಗಬಹುದು. ವ್ಯಾಜ್ಯ ತೀರಾ ಬಿಗಡಾಯಿಸಿದ್ದರೆ ಆಸ್ತಿ ನೋಡಿಕೊಳ್ಳಲು ಕೋರ್ಟಿನಿಂದ ರಿಸೀವರ್ ನೇಮಕಕ್ಕೂ ಅವಕಾಶವಿದೆ. ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರವಿದ್ದರೆ ಅಂದಿನ ಫಸಲು ಯಾರು ತೆಗೆಯಬೇಕು ಎಂಬುದನ್ನು ಆದೇಶದಲ್ಲೇ ಬರೆಸಿಕೊಳ್ಳಿ. ಇಲ್ಲವಾದರೆ ತಡೆ ಸಿಕ್ಕ ವಾರವೇ ಮರದ ಬುಡದಲ್ಲಿ ಜಗಳ, ಮರುದಿನ ಪೊಲೀಸ್ ಠಾಣೆ.

ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ ಆಗಿದೆ. ಈಗ ಏನಕ್ಕೆ ತಡೆ ಕೇಳಬೇಕು?

ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಕಬ್ಜೆ ಹೋಗುವುದು ಅಂತಿಮ ಡಿಕ್ರಿಯ ನಂತರ, ಅದಕ್ಕೆ ಎಫ್.ಡಿ.ಪಿ. (ಅಂತಿಮ ಡಿಕ್ರಿಯ ಕಲಾಪ) ನಡೆಯಬೇಕು. ಆದ್ದರಿಂದ ಇಲ್ಲಿ ಕೇಳಬೇಕಾದ್ದು ಎಫ್.ಡಿ.ಪಿ.ಯ ಮುಂದಿನ ಕಲಾಪಕ್ಕೆ ತಡೆ. ಅನೇಕ ಸಲ ಕೋರ್ಟು ಪೂರ್ತಿ ತಡೆಯದೆ, ಕಮಿಷನರ್ ಅಳತೆ, ನಕ್ಷೆ ನಡೆಯಲಿ, ಅಂತಿಮ ಡಿಕ್ರಿ ಮಾತ್ರ ಬರೆಯಬಾರದು ಎಂದು ಆದೇಶಿಸುತ್ತದೆ. ಇದು ಸಮಂಜಸವಾದ ದಾರಿ. ಅಪೀಲು ಮುಗಿದ ದಿನ ಅಳತೆಯ ಕೆಲಸವಾದರೂ ಮುಗಿದಿರುತ್ತದೆ. ಪ್ರಾಥಮಿಕ ಡಿಕ್ರಿಯ ಮೇಲೆ ಈಗಲೇ ಅಪೀಲು ಹಾಕದಿದ್ದರೆ, ಅಂತಿಮ ಡಿಕ್ರಿಯ ಅಪೀಲಿನಲ್ಲಿ ಪಾಲಿನ ಪ್ರಮಾಣವನ್ನು ಪ್ರಶ್ನಿಸಲಾಗದು (ಕಲಂ 97). "ಅಂತಿಮ ಆಗಲಿ, ಆಮೇಲೆ ನೋಡೋಣ" ಎಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ.

ನನ್ನ ದಾವೆಯೇ ವಜಾ ಆಗಿದೆ. ತೀರ್ಪಿಗೆ ತಡೆ ಕೇಳಬಹುದೆ?

ಕೇಳಿ ಪ್ರಯೋಜನವಿಲ್ಲ. ವಜಾ ಆದ ದಾವೆಯಲ್ಲಿ ಅಮಲ್ಜಾರಿ ಮಾಡಲು ವೆಚ್ಚದ ಮೊತ್ತ ಬಿಟ್ಟರೆ ಏನೂ ಇರುವುದಿಲ್ಲ, ತಡೆಯಲು ಏನಿದೆ? ದಾವೆಯಲ್ಲಿ ಇದ್ದ ತಾತ್ಕಾಲಿಕ ನಿರ್ಬಂಧಕಾಜ್ಞೆಯೂ ದಾವೆಯೊಂದಿಗೇ ಮುಗಿದಿದೆ, ತಡೆ ಆದೇಶದಿಂದ ಅದು ಜೀವ ಪಡೆಯುವುದಿಲ್ಲ. ನಿಮಗೆ ಬೇಕಾದ್ದು ಅಪೀಲಿನಲ್ಲಿ ಆದೇಶ 39ರ ಅಡಿ ಹೊಸ ತಾತ್ಕಾಲಿಕ ನಿರ್ಬಂಧಕಾಜ್ಞೆ. ತಪ್ಪು ಅರ್ಜಿ ಹಾಕಿ, ಅದು ತಿರಸ್ಕೃತವಾಗಿ, ಮತ್ತೊಂದು ಹಾಕುವಷ್ಟರಲ್ಲಿ ಎದುರಿನವರು ಬೇಲಿ ಹಾಕಿ ಮುಗಿಸಿರುತ್ತಾರೆ.

ಅಪೀಲು ತಡವಾಗಿದೆ. ಆದರೂ ತಡೆ ಸಿಗುತ್ತದೆಯೆ?

ವಿಳಂಬ ಮನ್ನಾ ಅರ್ಜಿಯೊಂದಿಗೆ ಬಂದ ಅಪೀಲಿನಲ್ಲಿ, ಅಪೀಲನ್ನು ಕೇಳುತ್ತೇವೆಂದು ಕೋರ್ಟು ತೀರ್ಮಾನಿಸುವವರೆಗೆ ತಡೆ ಆದೇಶ ಮಾಡುವಂತಿಲ್ಲ (ಆದೇಶ 41, ನಿಯಮ 3ಎ). ಹತ್ತು ದಿನದ ಆಲಸ್ಯಕ್ಕೆ ತೆರುವ ಬೆಲೆ ಇದು. ವಿಳಂಬದ ಅರ್ಜಿಯನ್ನೇ ಮೊದಲು ಕೇಳುವಂತೆ ಒತ್ತಾಯಿಸಿ, ಆಸ್ಪತ್ರೆಯ ದಾಖಲೆಯಂಥ ಕಾಗದಗಳನ್ನು ಮೊದಲ ದಿನವೇ ಹಾಜರುಪಡಿಸಿ.

ತಡೆ ಆದೇಶ ಸಿಕ್ಕಿತು. ಇನ್ನು ನಿಶ್ಚಿಂತೆಯೆ?

ಕಷ್ಟದ ಕೆಲಸ ಇಲ್ಲಿಂದ ಶುರು. ಆದೇಶ ಕೆಳಗಿನ ಕೋರ್ಟಿಗೆ ತಲುಪಿದಾಗಲೇ ಅದರ ಪರಿಣಾಮ. ಮೂಲ್‌ರಾಜ್ ಪ್ರಕರಣದಲ್ಲಿ (1967) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ತಡೆಯ ವಿಷಯ ತಿಳಿಯುವ ಮೊದಲು ಅಮಲ್ಜಾರಿ ಕೋರ್ಟು ಮಾಡಿದ ಕೆಲಸ ಅಸಿಂಧುವಾಗುವುದಿಲ್ಲ. ಧಾರವಾಡದಲ್ಲಿ ಬೆಳಿಗ್ಗೆ 11ಕ್ಕೆ ಆದೇಶವಾಗಿ, ಮಧ್ಯಾಹ್ನ 3ಕ್ಕೆ ಹೊನ್ನಾವರದಲ್ಲಿ ಬೇಲಿಫ್ ಬೀಗ ಒಡೆದರೆ ಆದೇಶ ಕೈಯಲ್ಲಿದ್ದೂ ಮನೆ ಹೋಗುತ್ತದೆ.

ಇದಕ್ಕೆ ಕಾನೂನೇ ಪರಿಹಾರ ಕೊಟ್ಟಿದೆ. ನಿಯಮ 5ರ ವಿವರಣೆಯ ಪ್ರಕಾರ, ತಡೆ ಆದೇಶವಾಗಿದೆ ಎಂದು ಅಪೀಲುದಾರರು ಸ್ವಂತ ತಿಳಿವಳಿಕೆಯ ಮೇಲೆ ಮಾಡಿದ ಅಫಿಡವಿಟ್ಟನ್ನು, ಅಧಿಕೃತ ಪ್ರತಿ ಬರುವವರೆಗೆ, ಕೆಳಗಿನ ಕೋರ್ಟು ಮಾನ್ಯ ಮಾಡಬೇಕು. ಆದ್ದರಿಂದ ಆದೇಶದ ದಿನ ಅಪೀಲುದಾರರೇ ಕೋರ್ಟಿನಲ್ಲಿ ಹಾಜರಿರುವುದು ಒಳ್ಳೆಯದು, ವಕೀಲರು ಫೋನಿನಲ್ಲಿ ಹೇಳಿದ್ದು ಸ್ವಂತ ತಿಳಿವಳಿಕೆ ಎನಿಸುವುದಿಲ್ಲ. ಅಂದೇ ಅಫಿಡವಿಟ್ ನೋಟರಿ ಮಾಡಿಸಿ, ಅಮಲ್ಜಾರಿ ಕೋರ್ಟಿನಲ್ಲಿ ಮೆಮೊ ಜತೆ ಸಲ್ಲಿಸಿ, ವಾರಂಟ್ ವಾಪಸು ಕರೆಸಲು ಕೋರಿ. ಎದುರಿನ ವಕೀಲರಿಗೆ ಪ್ರತಿ ಕೊಟ್ಟು ಸಹಿ ಪಡೆಯಿರಿ. ಹೈಕೋರ್ಟಿನ ಜಾಲತಾಣದಲ್ಲಿ ಆದೇಶ ಬಂದೊಡನೆ ಅದರ ಮುದ್ರಿತ ಪ್ರತಿ, ಆಮೇಲೆ ದೃಢೀಕೃತ ನಕಲು. ಒಂದು ಪ್ರತಿ ಸದಾ ಮನೆಯಲ್ಲೂ ಇರಲಿ, ಬೇಲಿಫ್ ಬಂದರೆ ತೋರಿಸಲು.

"ಮುಂದಿನ ದಿನಾಂಕದವರೆಗೆ ತಡೆ" ಎಂದರೆ?

ಅಷ್ಟೇ, ಆ ದಿನಾಂಕದವರೆಗೆ. ಎದುರಿನವರನ್ನು ಕೇಳದೆ ಕೊಡುವ ತಡೆ ಬಹುತೇಕ ಹೀಗೇ ಇರುತ್ತದೆ. ಆ ದಿನ ವಿಸ್ತರಿಸಿದ್ದಾರೆಂದು ಆದೇಶ ಹಾಳೆಯಲ್ಲಿ ಬರೆಯದಿದ್ದರೆ ತಡೆ ಮುಗಿದಂತೆ. ಪ್ರತಿ ದಿನಾಂಕದ ಸಂಜೆ ಇ-ಕೋರ್ಟ್ಸ್‌ನಲ್ಲಿ 16 ಅಕ್ಷರಾಂಕಿಗಳ ಸಿ.ಎನ್.ಆರ್. (ಪ್ರಕರಣದ ಗುರುತಿನ ಸಂಖ್ಯೆ) ಹಾಕಿ ನೋಡಿ, "ಮಧ್ಯಂತರ ಆದೇಶ ವಿಸ್ತರಿಸಿದೆ" ಎಂಬ ಸಾಲು ಇಲ್ಲದಿದ್ದರೆ ಮರುದಿನವೇ ವಕೀಲರಿಗೆ ಹೇಳಿ. ವಿಚಾರಣೆಗೆ ಗೈರಾಗಿ ಅಪೀಲು ವಜಾ ಆದರೂ ತಡೆ ಹೋಗುತ್ತದೆ. ಪುನಃಸ್ಥಾಪನೆಗೆ ಅರ್ಜಿ ಹಾಕುವಾಗ ತಡೆಯನ್ನೂ ಮತ್ತೆ ಕೇಳಬೇಕು.

ಆರು ತಿಂಗಳಿಗೆ ತಡೆ ತಾನಾಗಿ ರದ್ದಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. 2018ರ ಏಷಿಯನ್ ರಿಸರ್ಫೇಸಿಂಗ್ ತೀರ್ಪಿನಲ್ಲಿ ಹಾಗೆ ಇತ್ತು. 29 ಫೆಬ್ರವರಿ 2024ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ತೆಗೆದುಹಾಕಿದೆ.

ತಡೆಯ ಬದಲು "ಯಥಾಸ್ಥಿತಿ" ಎಂದು ಆದೇಶವಾಗಿದೆ. ಸಾಕೆ?

ಯಾರ ಕಬ್ಜೆಯಲ್ಲಿದೆ ಎಂದು ಬರೆಯದ ಯಥಾಸ್ಥಿತಿ ಆದೇಶ ಅಪಾಯಕಾರಿ. ಇಬ್ಬರೂ "ನಾನೇ ಕಬ್ಜೆದಾರ" ಎಂದು ಅದನ್ನೇ ಹಿಡಿದು ಓಡಾಡುತ್ತಾರೆ. ಸರ್ವೆ ನಂಬರು, ಹಿಸ್ಸಾ, ಚೆಕ್ಕುಬಂದಿ, ಇವತ್ತಿನ ಕಬ್ಜೆದಾರರ ಹೆಸರು, ಕಟ್ಟಡ ಕಟ್ಟಬಾರದು, ಪರಭಾರೆ ಮಾಡಬಾರದು ಎಂಬಿವನ್ನು ಆದೇಶದಲ್ಲೇ ಸೇರಿಸುವಂತೆ ಕೇಳಿ.

ಹರಾಜಿನ ದಿನ ಗೊತ್ತಾಗಿದೆ, ಅಪೀಲಿನಲ್ಲಿ ತಡೆ ಇನ್ನೂ ಸಿಕ್ಕಿಲ್ಲ. ಬೇರೆ ದಾರಿ?

ಇದೆ, ಹೆಚ್ಚಿನವರು ಬಳಸದ ದಾರಿ. ಡಿಕ್ರಿಯ ಮೇಲೆ ಅಪೀಲು ಬಾಕಿ ಇದ್ದು ಸ್ಥಿರಾಸ್ತಿ ಮಾರಾಟಕ್ಕೆ ಆದೇಶವಾಗಿದ್ದರೆ, ಆ ಮಾರಾಟದ ಆದೇಶ ಮಾಡಿದ ಕೋರ್ಟಿಗೇ ಅರ್ಜಿ ಕೊಡಿ. ಜಾಮೀನು ಮುಂತಾದ ಷರತ್ತಿನ ಮೇಲೆ ಅಪೀಲು ಮುಗಿಯುವವರೆಗೆ ಆ ಕೋರ್ಟು ಮಾರಾಟ ನಿಲ್ಲಿಸಬೇಕು; ಆದೇಶ 41, ನಿಯಮ 6(2)ರ ಪದವೇ ಕಡ್ಡಾಯದ್ದು. ಹರಾಜು ಕೂಗಿ ಮುಗಿಯುವ ಮೊದಲು ಸಾಲ ಮತ್ತು ಖರ್ಚು ಪೂರ್ತಿ ಕಟ್ಟಿದರೂ ಹರಾಜು ನಿಲ್ಲುತ್ತದೆ. ಮುಗಿದ ಮೇಲೂ 60 ದಿನದೊಳಗೆ, ಹರಾಜಿನ ಘೋಷಣೆಯಲ್ಲಿ ತೋರಿಸಿದ ಬಾಕಿಯ ಜತೆಗೆ ಖರೀದಿದಾರರಿಗೆ ಖರೀದಿ ಮೊತ್ತದ ಶೇ. 5 ಕಟ್ಟಿ ಮಾರಾಟ ರದ್ದು ಮಾಡಿಸಬಹುದು (ಆದೇಶ 21, ನಿಯಮ 89).

ಹರಾಜನ್ನು ಹಗುರವಾಗಿ ಕಾಣಬೇಡಿ. ಹೊರಗಿನವರು ಯಾರೋ ಪ್ರಾಮಾಣಿಕವಾಗಿ ಕೊಂಡು ಮಾರಾಟ ಸ್ಥಿರವಾದರೆ, ಮುಂದೆ ಡಿಕ್ರಿಯೇ ರದ್ದಾದರೂ ಆಸ್ತಿ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಡಿಕ್ರಿದಾರರೇ ಕೊಂಡಿದ್ದರೆ ಮಾತ್ರ ಹಿಂದಿರುಗಿಸಬೇಕಾಗುತ್ತದೆ.

ಕಬ್ಜೆ ಹೋಗಿಬಿಟ್ಟಿದೆ. ಈಗ ತಡೆ ಕೇಳಿದರೆ?

ನಡೆದುಹೋದದ್ದಕ್ಕೆ ತಡೆ ಇಲ್ಲ. ಅಪೀಲು ಮುಂದುವರಿಸಿ, ಗೆದ್ದರೆ ಕಲಂ 144ರ ಅಡಿ ಕಬ್ಜೆ, ಆ ಅವಧಿಯ ಉತ್ಪನ್ನ, ಬಡ್ಡಿ ಎಲ್ಲ ಹಿಂದಕ್ಕೆ ಕೇಳಬಹುದು. ಬೇರೆ ದಾವೆ ಬೇಕಿಲ್ಲ. ಅಲ್ಲಿಯವರೆಗೆ ಮರ ಕಡಿಯದಂತೆ, ಮಾರಾಟ ಮಾಡದಂತೆ ನಿರ್ಬಂಧಕಾಜ್ಞೆ ಕೇಳಿ. ಕಬ್ಜೆ ಹೋದ ದಿನದ ಬೇಲಿಫ್ ಪಂಚನಾಮೆಯ ನಕಲು ತೆಗೆದಿಡಿ, ಮರ, ಬಾವಿ, ಪಂಪ್‌ಸೆಟ್ಟಿನ ಲೆಕ್ಕ ಅದರಲ್ಲಿ ಇರುತ್ತದೆ.

ಸಾಲದ ಡಿಕ್ರಿಗೆ ಜೈಲಿಗೆ ಹಾಕುತ್ತಾರೆಯೆ?

ನೋಟೀಸು, ವಿಚಾರಣೆ ಇಲ್ಲದೆ ಹಾಕುವುದಿಲ್ಲ. ಕಟ್ಟುವ ಶಕ್ತಿ ಇದ್ದೂ ಕಟ್ಟುತ್ತಿಲ್ಲ ಎಂಬುದು ಸಾಬೀತಾಗಬೇಕು. ಹಣದ ಡಿಕ್ರಿಯಲ್ಲಿ ಮಹಿಳೆಯರನ್ನು ಬಂಧಿಸುವಂತಿಲ್ಲ (ಕಲಂ 56). ನೋಟೀಸು ಬಂದರೆ ತಪ್ಪಿಸಿಕೊಳ್ಳದೆ ಹೋಗಿ ಉತ್ತರ ಕೊಡಿ, ಗೈರಾದರೆ ವಾರಂಟ್ ಬರುತ್ತದೆ.

ನಾನು ಗೆದ್ದವನು. ಎದುರಿನವರಿಗೆ ಸುಲಭವಾಗಿ ತಡೆ ಸಿಗದಂತೆ ಏನು ಮಾಡಲಿ?

ತೀರ್ಪು ಬಂದ ವಾರದೊಳಗೆ ಅಪೀಲು ಹೋಗಬಹುದಾದ ಕೋರ್ಟಿನಲ್ಲಿ ಕೇವಿಯಟ್ ಹಾಕಿ, ಅದರ ನೋಟೀಸನ್ನು ಎದುರಿನವರಿಗೆ ಸ್ವೀಕೃತಿ ಸಹಿತ, ನೋಂದಣಿ ಸೌಲಭ್ಯವಿರುವ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅದು 90 ದಿನ ನಡೆಯುತ್ತದೆ, ಮುಗಿದರೆ ಮತ್ತೆ ಹಾಕಬೇಕು. ಕೇವಿಯಟ್ ಇದ್ದರೆ ನಿಮಗೆ ತಿಳಿಸದೆ ತಡೆ ಅರ್ಜಿ ಕೇಳುವಂತಿಲ್ಲ. ತಡೆ ಬರುವ ಹಾಗೆ ಕಂಡರೆ ಷರತ್ತಿನ ಮೇಲೆ ಗಮನವಿಡಿ: ಠೇವಣಿ ಎಷ್ಟು, ಅದನ್ನು ಜಾಮೀನಿನ ಮೇಲೆ ನೀವು ಪಡೆಯಬಹುದೆ, ಬಾಡಿಗೆ ಅಥವಾ ಫಸಲಿನ ಹಣ ಎಷ್ಟು, ಅಪೀಲು ಬೇಗ ಕೇಳಲು ದಿನ ನಿಗದಿಯಾಗುತ್ತದೆಯೆ. ಷರತ್ತು ಮುರಿದರೆ ತಡೆ ತೆರವಿಗೆ ಅರ್ಜಿ ಹಾಕಿ. ತಡೆ ಇಲ್ಲದಿದ್ದರೆ ದರ್ಖಾಸ್ತನ್ನು ಮುಂದುವರಿಸಿ. ದಾಖಲಾದ 6 ತಿಂಗಳಲ್ಲಿ ಅಮಲ್ಜಾರಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ರಾಹುಲ್ ಶಾ ಪ್ರಕರಣದಲ್ಲಿ ನಿರ್ದೇಶಿಸಿದೆ, ಅದನ್ನು ಉಲ್ಲೇಖಿಸಿ.

ಸರ್ಕಾರ ಅಪೀಲು ಹಾಕಿದರೆ ಅವರೂ ಜಾಮೀನು ಕೊಡಬೇಕೆ?

ಆದೇಶ 27, ನಿಯಮ 8ಎ ಪ್ರಕಾರ ಸರ್ಕಾರದಿಂದ ಜಾಮೀನು ಕೇಳುವಂತಿಲ್ಲ. ಆದರೆ ಹಣ ಠೇವಣಿ ಮಾಡಿ ಎಂಬ ಷರತ್ತು ಹಾಕಲು ಕೋರ್ಟಿಗೆ ಅಡ್ಡಿಯಿಲ್ಲ. ಸೀಬರ್ಡ್ ನೌಕಾನೆಲೆ, ಹೆದ್ದಾರಿ, ರೈಲು ಎಂದು ಭೂಮಿ ಕೊಟ್ಟು ಪರಿಹಾರಕ್ಕೆ ಕಾದ ಕರಾವಳಿಯ ಕುಟುಂಬಗಳಿಗೆ ಇದು ಮುಖ್ಯ. ಠೇವಣಿ ಮತ್ತು ಅದರ ಒಂದು ಭಾಗ ಪಡೆಯುವ ಅನುಮತಿ, ಎರಡನ್ನೂ ಒಟ್ಟಿಗೆ ಕೇಳಿ. ವಯಸ್ಸಾದವರಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಲು ಸಂಕೋಚ ಬೇಡ.

ಎರಡನೇ ಅಪೀಲಿನಲ್ಲಿ?

ಅದು ಹೈಕೋರ್ಟಿಗೆ, ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ. ಆ ಪ್ರಶ್ನೆಯನ್ನು ರೂಪಿಸದೆ ಮಧ್ಯಂತರ ಆದೇಶ ಮಾಡುವಂತಿಲ್ಲ ಎಂದು ರಾಘವೇಂದ್ರ ಸ್ವಾಮಿ ಮಠ ಮತ್ತು ಉತ್ತರಾದಿ ಮಠದ ನಡುವಿನ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಡೆ ಬೇಕಾದರೆ ಅಪೀಲು ಅಂಗೀಕಾರದ ಹಂತಕ್ಕೆ ಬೇಗ ಬರುವಂತೆ ನೋಡಿಕೊಳ್ಳಿ, ಪ್ರಶ್ನೆಗಳನ್ನು ಮೆಮೊದಲ್ಲೇ ಸ್ಪಷ್ಟವಾಗಿ ಬರೆಸಿ.

ತಡೆ ಇದ್ದರೂ ಡಿಕ್ರಿ ತೋರಿಸಿ ಪಹಣಿಯಲ್ಲಿ ಹೆಸರು ಬದಲಾಯಿಸುತ್ತಿದ್ದಾರೆ.

ತಡೆ ಆದೇಶದ ನಕಲನ್ನು ತಹಶೀಲ್ದಾರ್ ಕಚೇರಿಗೆ ಲಿಖಿತ ತಕರಾರಿನೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರ್ಟಿನ ಆದೇಶ ಕಂದಾಯ ಕಚೇರಿಗೆ ತಾನಾಗಿ ಹೋಗುವುದಿಲ್ಲ. ಆಸ್ತಿ ಮಾರುವ ಭಯವಿದ್ದರೆ ಉಪನೋಂದಣಿ ಕಚೇರಿಗೂ ಒಂದು ಪ್ರತಿ ಕೊಡಿ. ಅಪೀಲು ಬಾಕಿ ಇರುವಾಗ ಕೊಂಡವರು ಅಪೀಲಿನ ಫಲಿತಾಂಶಕ್ಕೆ ಬದ್ಧರು (ಆಸ್ತಿ ವರ್ಗಾವಣೆ ಕಾಯ್ದೆ, ಕಲಂ 52).

ಅಪೀಲು ನಡೆಯುವಾಗ ಪಕ್ಷಕಾರರು ತೀರಿಕೊಂಡರೆ?

90 ದಿನದೊಳಗೆ ವಾರಸುದಾರರನ್ನು ಸೇರಿಸಬೇಕು. ತಪ್ಪಿದರೆ ಅಪೀಲು ಉಪಶಮನವಾಗುತ್ತದೆ (ತಾನಾಗಿ ಮುಗಿದುಹೋಗುತ್ತದೆ), ತಡೆಯೂ ಅದರೊಂದಿಗೆ ಹೋಗುತ್ತದೆ. ಅದನ್ನು ತೆರವುಗೊಳಿಸಲು ಮತ್ತೆ 60 ದಿನ.

ವಕೀಲರಿಗೆ ಕೊಡಲು ಹಣವಿಲ್ಲ.

ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕುಗಳಲ್ಲಿ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಅಪೀಲಿನ ಅವಧಿ ಓಡುತ್ತಿರುತ್ತದೆ, ಆದ್ದರಿಂದ ನಕಲಿನ ಅರ್ಜಿ ಹಾಕಿದ ದಿನವೇ ಅಲ್ಲಿಗೂ ಹೋಗಿ.

ಅಪೀಲು ಸೋತರೆ?

ತಡೆ ಅಂದೇ ಮುಗಿಯುತ್ತದೆ. ಡಿಕ್ರಿದಾರರು ನಿಂತ ಹಂತದಿಂದ ದರ್ಖಾಸ್ತು ಮುಂದುವರಿಸಬಹುದು. ಅಮಲ್ಜಾರಿಯ 12 ವರ್ಷ ಮೇಲಿನ ಕೋರ್ಟಿನ ಡಿಕ್ರಿಯಿಂದ ಎಣಿಕೆಯಾಗುತ್ತದೆ, ತಡೆಯಿದ್ದ ಕಾಲ ಅದರಲ್ಲಿ ಸೇರುವುದಿಲ್ಲ. ಇನ್ನೂ ಮೇಲಕ್ಕೆ ಹೋಗುವ ಯೋಚನೆಯಿದ್ದರೆ, ತೀರ್ಪು ಓದಿದ ದಿನವೇ ಅದೇ ಕೋರ್ಟಿಗೆ ಅಲ್ಪಾವಧಿಯ ತಡೆಗೆ ಅರ್ಜಿ ಕೊಡಿ, ನಕಲಿಗೂ ಅಂದೇ ಅರ್ಜಿ ಹಾಕಿ. ತೆರವು ಅನಿವಾರ್ಯವೆಂದು ಕಂಡರೆ ಮನೆ ಖಾಲಿ ಮಾಡಲು ಸಮಯ ಕೇಳಬಹುದು. ಇಂಥ ದಿನ ಬಿಟ್ಟುಕೊಡುತ್ತೇನೆ, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಕಟ್ಟುತ್ತೇನೆ, ಬೇರೆಯವರನ್ನು ಒಳಗೆ ಬಿಡುವುದಿಲ್ಲ ಎಂದು ಲಿಖಿತ ಮುಚ್ಚಳಿಕೆ ಕೊಟ್ಟರೆ ಕೋರ್ಟುಗಳು ಕೆಲವು ತಿಂಗಳ ಕಾಲಾವಕಾಶ ಕೊಡುವುದುಂಟು. ಕೊಟ್ಟ ಮುಚ್ಚಳಿಕೆ ಮುರಿದರೆ ನ್ಯಾಯಾಂಗ ನಿಂದನೆಯಾಗುತ್ತದೆ.